ಅರ್ಜಿ ಪುಸ್ತಕದೊಳಗಿನ ಹುಬ್ಬಳ್ಳಿ

ಹುಬ್ಬಳ್ಳಿಗೆ ಕಡಲತೀರವಿದೆ ಎಂದು ನಾನು ಓದಿದ್ದು ಗೋಕುಲ ರಸ್ತೆಯ ಒಂದು ಹೋಟೆಲಿನ ಎರಡನೆಯ ಮಹಡಿಯಲ್ಲಿ. ಮೇಜಿನ ಮೇಲೆ ಗಿರ್ಮಿಟ್ ತಟ್ಟೆಗಳಿದ್ದವು, ಚಹಾ ಇತ್ತು, ಇನ್ನೂರಕ್ಕೂ ಹೆಚ್ಚು ಪುಟಗಳ ಒಂದು ಇಂಗ್ಲಿಷ್ ಕರಡು ಇತ್ತು. ಕ್ರೀಡಾಪಟುಗಳು ಸಂಜೆ ಹೊತ್ತು ನಮ್ಮ ಊರಿನ ವಿಶಾಲ ಕಡಲತೀರದಲ್ಲಿ ಅಡ್ಡಾಡಬಹುದು ಎಂದು ಅದರಲ್ಲಿ ಬರೆದಿತ್ತು. ಊರಿಗೆ ಒಂದು ಕ್ರೀಡಾಕೂಟ ಬೇಡುವ ಅರ್ಜಿ ತಯಾರಿಸಿಕೊಡಲು ದೆಹಲಿಯಿಂದ ಕರೆಸಿದ್ದ ಸಲಹೆಗಾರ ಬೇರೆ ಯಾವುದೋ ಊರಿಗೆ ಬರೆದದ್ದನ್ನೇ ನಮಗೂ ಇಳಿಸಿದ್ದ. ಊರಿನ ಹೆಸರು ಬದಲಿಸಿದ್ದ, ಸಮುದ್ರ ತೆಗೆಯುವುದನ್ನು ಮರೆತಿದ್ದ.

ನಾನು ಅದನ್ನು ತೋರಿಸಿದಾಗ ಎಲ್ಲರೂ ನಕ್ಕರು. ಅರ್ಜಿ ಸಮಿತಿಯ ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕು, ಇಂಥ ಕೆಲಸಕ್ಕೇ ನಿಮ್ಮನ್ನು ಕರೆದದ್ದು, ಸಮುದ್ರ ತೆಗೆದು ಉಣಕಲ್ ಕೆರೆ ಹಾಕಿಬಿಡಿ ಎಂದರು. ನಾನು ಕೆಂಪು ಪೆನ್ನಿನಿಂದ ಸಮುದ್ರವನ್ನು ಹೊಡೆದು ಕೆರೆ ಎಂದು ಬರೆದೆ. ಆವತ್ತು ಸ್ಕೂಟಿಯ ಮೇಲೆ ಹಾಡು ಗುನುಗುತ್ತ ಮನೆಗೆ ಬಂದೆ. ಸಿಟ್ಟು ಬರಬೇಕಾದದ್ದು ಆವತ್ತೇ. ಬರಲಿಲ್ಲ. ಬಂದಾಗ ತಡವಾಗಿತ್ತು, ಮತ್ತು ಅದರ ಅರ್ಧ ಪಾಲು ನನಗೇ ಸೇರಬೇಕಾಗಿತ್ತು.

ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹುಟ್ಟಿ ಬೆಳೆದದ್ದು ಧಾರವಾಡದ ಮಾಸ್ತರರ ಮನೆತನದಲ್ಲಿ; ಮದುವೆಯಾದ ಮೇಲೆ ಹುಬ್ಬಳ್ಳಿಯ ದೇಶಪಾಂಡೆ ನಗರ. ವಿದ್ಯಾರ್ಥಿಯಾಗಿದ್ದಾಗ ಎಂಟುನೂರು ಮೀಟರ್ ಓಡುತ್ತಿದ್ದೆ. ಒಂದೆರಡು ಪದಕ ಬಂದವು, ಆಮೇಲೆ ಮೊಣಕಾಲು ಕೈಕೊಟ್ಟಿತು. ಓಟ ನಿಂತರೂ ನಸುಕಿನಲ್ಲಿ ಏಳುವ ರೂಢಿ ನಿಲ್ಲಲಿಲ್ಲ. ಗೋಕುಲ ರಸ್ತೆಯ ಕಾರ್ಖಾನೆ ಶೆಡ್ಡುಗಳ ಹಿಂದೆ ಒಂದು ಸರಕಾರಿ ಬಯಲಿದೆ. ಅಲ್ಲಿ ಆಗ ಹನ್ನೊಂದು ವರ್ಷಗಳಿಂದ ಹುಡುಗಿಯರಿಗೆ ಓಟ ಕಲಿಸುತ್ತಿದ್ದೆ. ವೆಲ್ಡಿಂಗ್ ಮಾಡುವವರ, ಹಮಾಲರ, ಮನೆಗೆಲಸಕ್ಕೆ ಹೋಗುವವರ ಮಕ್ಕಳು ಬರುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ನಾನು ಆ ಬಯಲಿನ ಅಕ್ಕೋರು.

ಆ ಬಯಲಿನಲ್ಲಿ ಪಾಯಖಾನೆ ಇರಲಿಲ್ಲ. ಗಂಡುಹುಡುಗರಿಗೆ ಕಾಂಪೌಂಡ್ ಗೋಡೆ ಇತ್ತು. ಹುಡುಗಿಯರಿಗೆ ರಸ್ತೆಯಾಚೆ ಒಂದು ಹಿಟ್ಟಿನ ಗಿರಣಿ ಇತ್ತು. ಅದನ್ನು ನಡೆಸುವವಳು ನನಗಿಂತ ಹತ್ತು ವರ್ಷಕ್ಕೆ ಹಿರಿಯಳು, ಗಂಡ ತೀರಿಹೋದ ಮೇಲೆ ತಾನೇ ಗಿರಣಿಯ ಬೆಲ್ಟು ಏರಿಸುತ್ತ ಬದುಕಿದವಳು. ಹುಡುಗಿಯರು ಅವಳನ್ನು ಗಿರಣಿ ಅವ್ವ ಎಂದು ಕರೆಯುತ್ತಿದ್ದರು. ಅವಳ ಹಿತ್ತಲಿನ ಪಾಯಖಾನೆಗೆ ನಮ್ಮ ಹುಡುಗಿಯರು ಲಾರಿಗಳ ನಡುವೆ ರಸ್ತೆ ದಾಟಿ ಹೋಗಬೇಕು, ಬಾಗಿಲು ತಟ್ಟಬೇಕು, ಅವಳು ಪೂಜೆಗೆ ಕೂತಿದ್ದರೆ ಕಾಯಬೇಕು. ಮುಟ್ಟಿನ ದಿನಗಳಲ್ಲಿ ಎಷ್ಟೋ ಹುಡುಗಿಯರು ಅಭ್ಯಾಸಕ್ಕೇ ಬರುತ್ತಿರಲಿಲ್ಲ. ತಿಂಗಳಿಗೆ ನಾಲ್ಕೈದು ದಿನ ತಪ್ಪಿಸಿಕೊಂಡವಳು ಓಟಗಾರ್ತಿ ಹೇಗಾದಾಳು? ಆಗುತ್ತಿರಲಿಲ್ಲ. ಒಬ್ಬೊಬ್ಬಳಾಗಿ ಬಿಟ್ಟುಹೋಗುತ್ತಿದ್ದರು. ನಾನು ಪ್ರತಿವರ್ಷ ಸರಕಾರಿ ಕಚೇರಿಗೆ ಒಂದು ಮನವಿ ಬರೆದುಕೊಡುತ್ತಿದ್ದೆ. ಅದನ್ನು ತೆಗೆದುಕೊಂಡ ಗುಮಾಸ್ತರು ಮೇಲೆ ಒಂದು ಠಸೆ ಒತ್ತಿ, ಆಯಿತು ಎನ್ನುತ್ತಿದ್ದರು. ಅಷ್ಟೇ ಆಗುತ್ತಿತ್ತು.

ಹೀಗಿರುವಾಗ ಊರಿನ ದೊಡ್ಡವರು ಸೇರಿ ಒಂದು ಸಮಿತಿ ಮಾಡಿದರು. ಏಷ್ಯಾದ ದೇಶಗಳ ಕಿರಿಯ ಆಟಗಾರರು ಸೇರುವ ಒಂದು ಕ್ರೀಡಾಕೂಟವನ್ನು ಹುಬ್ಬಳ್ಳಿ-ಧಾರವಾಡಕ್ಕೆ ತರಬೇಕೆಂಬುದು ಅದರ ಉದ್ದೇಶ. ಅಧ್ಯಕ್ಷರು ಹತ್ತಿ ವ್ಯಾಪಾರದ ಹಳೆಯ ಮನೆತನದವರು, ಈಗ ಹೋಟೆಲು, ಬಡಾವಣೆ ಅಂತ ಬೆಳೆದವರು. ನನ್ನ ಇಂಗ್ಲಿಷ್ ಮತ್ತು ನನ್ನ ಬಯಲಿನ ಸುದ್ದಿ ಎರಡೂ ಅವರ ಕಿವಿಗೆ ಬಿದ್ದಿದ್ದವು. ಕ್ರೀಡಾಪಟುಗಳ ಸೌಕರ್ಯದ ಅಧ್ಯಾಯ ನೀವು ಬರೆಯಿರಿ, ಪರದೇಶದವರು ಬಂದಾಗ ದುಭಾಷಿಯಾಗಿ ನಿಲ್ಲಿರಿ ಎಂದು ಮನೆಗೇ ಬಂದು ಕೇಳಿದರು. ಆಟ ಬಂದರೆ ಬಯಲು ಸುಧಾರಿಸುತ್ತದೆ, ಹುಡುಗಿಯರಿಗೆ ಬೇಕಾದದ್ದೆಲ್ಲ ಬರುತ್ತದೆ ಎಂದೂ ಹೇಳಿದರು. ನಾನು ನಂಬಿದೆ. ನನ್ನ ಹನ್ನೊಂದು ಮನವಿಗಳನ್ನು ಓದದ ಊರು ಪರದೇಶದವರ ಸಲುವಾಗಿಯಾದರೂ ಕಣ್ಣು ತೆರೆದೀತು ಅನಿಸಿತು.

ಒಂದು ಊರು ಇಂಥ ಕ್ರೀಡಾಕೂಟವನ್ನು ಬೇಡುವುದು ಹೇಗೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೊದಲು ಆಸಕ್ತಿ ಇದೆ ಎಂದು ಒಂದು ಪತ್ರ. ಆಮೇಲೆ ಆಟದ ಒಡೆಯರು ಒಂದು ದಪ್ಪ ಪ್ರಶ್ನಾವಳಿ ಕಳಿಸುತ್ತಾರೆ. ವಿಮಾನ ನಿಲ್ದಾಣದಿಂದ ಕ್ರೀಡಾಂಗಣಕ್ಕೆ ಎಷ್ಟು ನಿಮಿಷ, ಹೋಟೆಲುಗಳಲ್ಲಿ ಎಷ್ಟು ಕೋಣೆ, ಆಸ್ಪತ್ರೆ ಎಷ್ಟು ದೂರ, ಜನರ ಬೆಂಬಲ ಎಷ್ಟು. ಉತ್ತರಗಳನ್ನೆಲ್ಲ ಹೊಲಿದರೆ ಅರ್ಜಿ ಪುಸ್ತಕ. ಅದರ ಜೊತೆ ನೀರು, ಕರೆಂಟು, ಭದ್ರತೆ ಎಲ್ಲದಕ್ಕೂ ಭರವಸೆಯ ಪತ್ರಗಳು. ನಂತರ ಅವರ ಕಡೆಯ ಪರಿಶೀಲಕರು ಬಂದು ನೋಡಿ ಹೋಗುತ್ತಾರೆ. ಕೊನೆಗೆ ಯಾವುದೋ ದೇಶದ ಯಾವುದೋ ಸಭಾಂಗಣದಲ್ಲಿ ಮತ ಹಾಕುತ್ತಾರೆ. ಕನ್ಯೆ ತೋರಿಸಿದ ಹಾಗೆ ಎಂದು ಅಧ್ಯಕ್ಷರು ಹೇಳಿದಾಗ ಸಭೆಯಲ್ಲಿದ್ದ ಗಂಡಸರೆಲ್ಲ ತಲೆದೂಗಿದರು. ಅಲ್ಲಿದ್ದ ಒಬ್ಬಳೇ ಹೆಂಗಸು ನಾನು. ನಾನೂ ನಕ್ಕೆ.

ಉತ್ತರಗಳು ಹೇಗೆ ತಯಾರಾದವು ಎಂಬುದನ್ನು ಕಣ್ಣಾರೆ ಕಂಡೆ. ಪ್ರಯಾಣದ ಹೊತ್ತು ಅಳೆಯಲು ಒಂದು ಭಾನುವಾರ ಸೂರ್ಯ ಹುಟ್ಟುವ ಮೊದಲು ಧಾರವಾಡದಿಂದ ಹೊರಟೆವು. ಮುಂದೆ ಪೊಲೀಸ್ ಜೀಪು, ಹಿಂದೆ ನಮ್ಮ ಕಾರು. ದಾರಿಯ ನಡುವಿನ ನವಲೂರು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಆ ನಿಮಿಷಗಳನ್ನೇ ಪುಸ್ತಕದಲ್ಲಿ ಬರೆದರು. ಹೋಟೆಲು ಕೋಣೆಗಳು ಸಾಲದೆ ಬಂದಾಗ ಕಲ್ಯಾಣ ಮಂಟಪಗಳಲ್ಲಿ ಬೀಗರಿಗೆ ಕೊಡುವ ಕೋಣೆಗಳನ್ನೂ ಲೆಕ್ಕಕ್ಕೆ ಹಿಡಿದರು. ಜನರ ಬೆಂಬಲಕ್ಕೆ ಸಹಿ ಸಂಗ್ರಹ ಮಾಡಿದರು. ಗಿರಣಿ ಅವ್ವನ ಸಹಿ ತಂದವಳು ನಾನೇ. ಇದರಾಗ ಏನು ಬರೆದೈತಿ ಎಂದು ಅವಳು ಕೇಳಿದಳು. ಆಟ ಬಂದರೆ ಬಯಲಿಗೆ ಪಾಯಖಾನೆ ಬರುತ್ತದೆ ಎಂದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಸಹಿ ಹಾಕಿದಳು.

ನನ್ನ ಅಧ್ಯಾಯದಲ್ಲಿ ನಾನು ಬರೆದದ್ದು ಇಷ್ಟು: ಮಹಿಳಾ ಕ್ರೀಡಾಪಟುಗಳಿಗೆ ಪ್ರತ್ಯೇಕ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆಗಳನ್ನು ಒದಗಿಸಲಾಗುವುದು. ಸಲಹೆಗಾರ ಅದರ ಕೆಳಗೆ ಗೆರೆ ಎಳೆದ. ಮುಂದೆ ಮಾಡುತ್ತೇವೆ ಎಂದರೆ ಅಂಕ ಕಡಿಮೆ ಬೀಳುತ್ತದೆ, ಈಗಲೇ ಇದೆ ಎಂದು ಬರೆಯಿರಿ, ಅವರು ಬರುವಷ್ಟರಲ್ಲಿ ಕಟ್ಟಡ ಎದ್ದು ನಿಂತಿರುತ್ತದೆ ಎಂದ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ಭವಿಷ್ಯತ್ಕಾಲಕ್ಕೂ ವರ್ತಮಾನಕ್ಕೂ ಇರುವ ಫರಕು ಕಲಿಸಿದವಳು ನಾನು. ಒಂದು ಕ್ರಿಯಾಪದ ಬದಲಿಸಿದೆ. ನಗರದ ಹುಡುಗಿಯರು ಈ ಸೌಕರ್ಯಗಳನ್ನು ಪ್ರತಿದಿನ ಬಳಸುತ್ತಿದ್ದಾರೆ ಎಂದಾಯಿತು.

ಕಟ್ಟಡ ಎದ್ದು ನಿಂತಿತು, ಖರೆ. ಎರಡು ವಾರದೊಳಗೆ ಬಯಲಿನ ಮೂಲೆಯಲ್ಲಿ ನಾಲ್ಕು ಗೋಡೆ, ತಿಳಿನೀಲಿ ಟೈಲ್ಸು, ಹೊಳೆಯುವ ನಳಗಳು, ಕನ್ನಡಿ. ಗುತ್ತಿಗೆದಾರ ಕೊಳಾಯಿ ಮುಖ್ಯ ಪೈಪಿಗೆ ಇನ್ನೂ ಜೋಡಿಸಿಲ್ಲ ಎಂದ, ಆಮೇಲೆ ಜೋಡಿಸುತ್ತಾನಂತೆ. ಓಟದ ಹಾದಿಯಲ್ಲಿ ಅರವತ್ತು ಮೀಟರಿನಷ್ಟು ಕೆಂಪು ರಬ್ಬರು ಹಾಸಿದರು, ಫೋಟೊದಲ್ಲಿ ಬರುವಷ್ಟು. ಅದು ಕೆಡಬಾರದೆಂದು ಗೇಟಿಗೆ ಬೀಗ ಬಿತ್ತು. ಪರಿಶೀಲಕರು ಬರುವವರೆಗಿನ ಆರು ವಾರ ನಮ್ಮ ಹುಡುಗಿಯರು ಗೋದಾಮುಗಳ ಮುಂದಿನ ಸಿಮೆಂಟ್ ರಸ್ತೆಯ ಮೇಲೆ ಓಡಿದರು, ಸರಕಿನ ಲಾರಿಗಳಿಗೆ ದಾರಿ ಬಿಡುತ್ತ. ಸ್ವಲ್ಪ ದಿನ ತಡೆದುಕೊಳ್ಳಿ ಎಂದು ನಾನು ಹೇಳುತ್ತಿದ್ದೆ. ಇಬ್ಬರಿಗೆ ಕಣಕಾಲು ನೋವು ಹತ್ತಿತು.

ಆ ಗುಂಪಿನಲ್ಲಿ ಒಬ್ಬ ಹುಡುಗಿಯಿದ್ದಳು, ಪಿಯುಸಿ ಮೊದಲ ವರ್ಷ, ನಾನೂರು ಮೀಟರಿನವಳು. ಅವಳ ತಾಯಿ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹನ್ನೊಂದು ವರ್ಷದಲ್ಲಿ ನಾನು ಕಂಡ ಹುಡುಗಿಯರಲ್ಲಿ ಓಟ ಮೈಗೂಡಿದ್ದವಳು ಅವಳೊಬ್ಬಳೇ. ಕೊನೆಯ ತಿರುವಿನಲ್ಲಿ ಉಳಿದವರ ಹೆಗಲು ಮೇಲೇರುತ್ತವೆ, ಮುಖ ಬಿಗಿಯುತ್ತದೆ. ಅವಳದು ಆಗ ಸಡಿಲಾಗುತ್ತಿತ್ತು. ಅಭ್ಯಾಸ ಮುಗಿದ ಮೇಲೆ ಗೋಡೆಯ ನೆರಳಿನಲ್ಲಿ ಕೂತು ನನ್ನ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದಳು. ಎರಡು ವರ್ಷದಲ್ಲಿ ಮಾತಾಡಲು ಹೆದರಿದರೂ ಕೇಳಿದ್ದೆಲ್ಲ ತಿಳಿಯುವಷ್ಟು ಕಲಿತಿದ್ದಳು. ಆ ವಿಷಯ ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ಪರಿಶೀಲಕರು ಬಂದ ದಿನ ಮರೆತೆ.

ಪರಿಶೀಲಕರು ಮೂವರು ಬಂದರು, ಇಬ್ಬರು ಗಂಡಸರು, ಒಬ್ಬ ಹೆಂಗಸು. ವಿಮಾನ ನಿಲ್ದಾಣದಿಂದ ಬಯಲಿನವರೆಗೆ ಸಾಲಿ ಮಕ್ಕಳನ್ನು ಬಾವುಟ ಕೊಟ್ಟು ಬಿಸಿಲಿನಲ್ಲಿ ನಿಲ್ಲಿಸಿದ್ದರು. ಗಿರಣಿಯ ಮುಂಭಾಗಕ್ಕೆ ಹಸಿರು ಬಟ್ಟೆ ಕಟ್ಟಿ ಮುಚ್ಚಿದ್ದರು, ಎರಡು ದಿನ ಬೀಸಬಾರದೆಂದು ಹೇಳಿದ್ದರು. ನಮ್ಮ ಹುಡುಗಿಯರಿಗೆ ಸಮಿತಿಯ ಗುರುತಿರುವ ಹೊಸ ಜರ್ಸಿ ಹಂಚಿದ್ದರು. ಸಂಜೆ ಮಡಚಿ ವಾಪಸು ಕೊಡಬೇಕೆಂಬ ಕರಾರಿನ ಮೇಲೆ.

ಗಂಡಸರಿಬ್ಬರೂ ಅಧ್ಯಕ್ಷರ ಜೊತೆ ನಕ್ಷೆ ನೋಡುತ್ತ ನಿಂತರು. ಆ ಹೆಂಗಸು ಮಾತ್ರ ಒಂದು ಕಾಲು ತುಸು ಎಳೆದುಕೊಂಡು ಬಯಲಿನ ಸುತ್ತ ನಡೆಯತೊಡಗಿದಳು. ಹಿಂದೆ ತಾನೂ ಓಟಗಾರ್ತಿಯಾಗಿದ್ದೆ ಎಂದು ನನಗೆ ಹೇಳಿದಳು. ರಬ್ಬರಿನ ಹಾಸನ್ನು ಬೂಟಿನ ತುದಿಯಿಂದ ಒತ್ತಿ ನೋಡಿದಳು. ಸಾಲಾಗಿ ನಿಂತಿದ್ದ ಹುಡುಗಿಯರ ಮುಂದೆ ಬಂದು ನನ್ನ ನಾನೂರು ಮೀಟರಿನ ಹುಡುಗಿಯ ಎದುರಿಗೆ ನಿಂತಳು. ನೀಲಿ ಟೈಲ್ಸಿನ ಕಟ್ಟಡದ ಕಡೆ ಕೈತೋರಿಸಿ, ಅದನ್ನು ನೀನು ದಿನಾಲೂ ಬಳಸುತ್ತೀಯಾ, ಅನುಕೂಲವಾಗಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟರಲ್ಲಿ ಅಧ್ಯಕ್ಷರೂ ಬಂದು ನನ್ನ ಹಿಂದೆ ನಿಂತಿದ್ದರು.

ಹುಡುಗಿ ನನ್ನ ಮುಖ ನೋಡಿದಳು. ನಾನು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

"ಅದಕ್ಕ ನೀರಿಲ್ರಿ ಅಕ್ಕೋರ" ಎಂದಳು. "ನಮಗ ಒಳಗ ಬಿಟ್ಟೂ ಇಲ್ರಿ. ಇವತ್ತೂ ನಾವು ಗಿರಣಿ ಅವ್ವನ ಮನಿಗೇ ಹೋಗಿ ಬಂದೇವ್ರಿ."

ಸ್ಪಷ್ಟವಾಗಿ ಹೇಳಿದಳು. ತಲೆ ತಗ್ಗಿಸಲಿಲ್ಲ, ದೂರುವ ದನಿಯೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ನಾನು ಆ ಪರದೇಶದ ಹೆಂಗಸಿನ ಕಡೆ ತಿರುಗಿ, ನನ್ನ ಅತ್ಯಂತ ಶುದ್ಧವಾದ ಇಂಗ್ಲಿಷಿನಲ್ಲಿ, ಇಲ್ಲಿನ ಸೌಕರ್ಯಗಳಿಂದ ತನಗೆ ಬಹಳ ಸಂತೋಷವಾಗಿದೆ ಎಂದು ಹೇಳುತ್ತಿದ್ದಾಳೆ ಎಂದೆ.

ಯಾರೂ ನನ್ನ ಕೈ ತಿರುವಿರಲಿಲ್ಲ. ಅಧ್ಯಕ್ಷರು ಒಂದು ಮಾತೂ ಆಡಿರಲಿಲ್ಲ. ಬಾಯಿಂದ ಅದು ತಾನಾಗಿ ಬಂತು, ತಿಂಗಳುಗಟ್ಟಲೆ ಪುಸ್ತಕ ಬರೆದ ಕೈಗೆ ಅಭ್ಯಾಸವಾಗಿದ್ದ ಭಾಷೆ ನಾಲಿಗೆಗೂ ಬಂದಿತ್ತು. ಹುಡುಗಿಯ ಕಣ್ಣುಗಳು ಸಣ್ಣವಾದವು. ಅವಳಿಗೆ ತಿಳಿಯಿತು ಎಂದು ನನಗೆ ಆಗ ಹೊಳೆಯಿತು.

"ನಾ ಹಂಗ ಅಂದಿಲ್ಲಲ್ರಿ" ಎಂದಳು, ನನಗಷ್ಟೇ ಕೇಳುವ ಹಾಗೆ.

ಹುಡುಗಿ ನಾಚಿಕೊಳ್ಳುತ್ತಾಳೆ ಎಂದು ಅಧ್ಯಕ್ಷರು ಅತಿಥಿಗೆ ಹೇಳಿ ನಕ್ಕರು. ಆ ಹೆಂಗಸು ನಗಲಿಲ್ಲ. ಕಟ್ಟಡದ ಕಡೆ ನಡೆದು, ಕಾವಲಿನವನಿಂದ ಬಾಗಿಲು ತೆಗೆಸಿ, ಒಳಗಿನ ನಳವನ್ನು ತಿರುವಿದಳು. ನೀರು ಬರಲಿಲ್ಲ. ಮತ್ತೆ ಅದನ್ನು ನಿಧಾನವಾಗಿ ಮುಚ್ಚಿ, ಕೈಯಲ್ಲಿದ್ದ ಹಾಳೆಯಲ್ಲಿ ಏನೋ ಗುರುತು ಮಾಡಿಕೊಂಡು ಹೊರಗೆ ಬಂದಳು. ಮಧ್ಯಾಹ್ನ ಅವರಿಗೆ ಹೋಟೆಲಿನಲ್ಲಿ ಹೋಳಿಗೆ ಊಟವಿತ್ತು. ಹುಡುಗಿಯರು ಜರ್ಸಿ ಬಿಚ್ಚಿಕೊಟ್ಟು ಮನೆಗೆ ಹೋದರು.

ಮರುದಿನ ಆ ಹುಡುಗಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಕಾಲೇಜು ಮುಗಿಸಿ ನಾನು ಖಾನಾವಳಿಗೆ ಹೋದೆ. ಅವಳ ತಾಯಿ ಹೆಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಕೂತು ಜೋಳದ ಹಿಟ್ಟು ನಾದುತ್ತಿದ್ದಳು. ಬರ್ರಿ ಅಕ್ಕೋರ, ಕೂಡ್ರಿ ಎಂದು ತಾಯಿ ಸ್ಟೂಲು ಸರಿಸಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಮಗಳು ಹೇಳಿರಲಿಲ್ಲ. ಅದು ನನಗೆ ಇನ್ನೂ ಹೆಚ್ಚು ನಾಚಿಕೆ ತಂದಿತು. ನಾನು ತಾಯಿಯ ಎದುರಿಗೇ ಹೇಳಿದೆ, ತಪ್ಪು ಮಾಡಿದೆ, ನಿನ್ನ ಮಾತು ತಿರುಚಿ ಹೇಳಿದೆ ಎಂದೆ. ಓಟ ಬಿಡಬೇಡ ಎಂದೂ ಕೇಳಿಕೊಂಡೆ.

ಹುಡುಗಿ ಹಿಟ್ಟಿನಿಂದ ಕೈ ತೆಗೆಯದೆ ಹೇಳಿದಳು: "ಓಡೂದು ಬಿಟ್ಟಿಲ್ರಿ ಅಕ್ಕೋರ. ನಿಮ್ಮ ಕಡೆ ಬರೂದು ಬಿಟ್ಟೇನ್ರಿ."

ತಾಯಿ ಮಗಳನ್ನು ಗದರಿಸಿದಳು, ದೊಡ್ಡವರ ಹತ್ತಿರ ಹೀಗೆ ಮಾತಾಡಬಾರದು ಎಂದಳು. ಬಯ್ಯಬೇಡಿ ಎಂದು ಹೇಳಿ ನಾನು ಎದ್ದು ಬಂದೆ. ರೇಲ್ವೆ ಕ್ವಾರ್ಟರ್ಸಿನ ಕಡೆಯ ಒಂದು ಮೈದಾನದಲ್ಲಿ ಬೇರೆ ತರಬೇತುದಾರರ ಹತ್ತಿರ ಅವಳು ಆಗಲೇ ಸೇರಿದ್ದಳು ಎಂದು ಆಮೇಲೆ ತಿಳಿಯಿತು.

ಆ ಸಂಜೆ ಮನೆಯಲ್ಲಿ ಕೂತು ಅರ್ಜಿ ಪುಸ್ತಕವನ್ನು ಮೊದಲಿನಿಂದ ಓದಿದೆ. ಹೊಳಪು ಕಾಗದ, ಬಣ್ಣದ ಚಿತ್ರಗಳು. ಅದರಲ್ಲಿನ ಹುಬ್ಬಳ್ಳಿಯಲ್ಲಿ ಧೂಳಿಲ್ಲ, ಗೇಟಿಗೆ ಬೀಗವಿಲ್ಲ, ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಆ ಊರಿನಲ್ಲಿ ಇರಲು ನನಗೂ ಇಷ್ಟವೇ. ಆದರೆ ಅದನ್ನು ಕಟ್ಟಲು ಯಾರಿಗೂ ಮನಸ್ಸಿರಲಿಲ್ಲ, ಬರೆಯಲು ಎಲ್ಲರಿಗೂ ಇತ್ತು. ನನ್ನ ವಾಕ್ಯ ಬಂದಾಗ ಪುಸ್ತಕವನ್ನು ಗೋಡೆಗೆ ಎಸೆದೆ. ಮನೆಯವರು ಒಳಗಿನಿಂದ ಏನಾಯಿತು ಎಂದು ಓಡಿಬಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ವಸ್ತು ಎಸೆದದ್ದು ಅದೇ ಮೊದಲು.

ಮತ್ತೆ ಕೂತು ಆ ಪರದೇಶದ ಹೆಂಗಸಿಗೆ ಒಂದು ಇ-ಮೇಲ್ ಬರೆದೆ. ಹುಡುಗಿ ಹೇಳಿದ್ದೇನು, ನಾನು ಹೇಳಿದ್ದೇನು, ಪುಸ್ತಕದಲ್ಲಿ ನಾನು ಬದಲಿಸಿದ ಕ್ರಿಯಾಪದ ಯಾವುದು, ಎಲ್ಲ ಬರೆದೆ. ಕದ್ದು ಮುಚ್ಚಿ ಮಾಡುವುದು ಸಾಕಾಗಿತ್ತು. ಅಧ್ಯಕ್ಷರಿಗೂ ಅದರ ಪ್ರತಿ ಕಳಿಸಿದೆ.

ಅವಳ ಉತ್ತರ ನಾಲ್ಕು ದಿನದ ಮೇಲೆ ಬಂತು. ನಳ ತಿರುವಿದಾಗಲೇ ತನಗೆ ತಿಳಿದಿತ್ತು ಎಂದಿದ್ದಳು. ಆದರೆ ತನಗೆ ಕೊಟ್ಟ ಪಟ್ಟಿಯಲ್ಲಿ ಮಹಿಳೆಯರ ಶೌಚಾಲಯ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಇದೆ, ಕಟ್ಟಡ ಇರುವುದರಿಂದ ಇದೆ ಎಂದೇ ಗುರುತು ಹಾಕಬೇಕಾಯಿತು, ನೀರಿನ ಬಗ್ಗೆ ಬೇರೆ ಕಾಲಂ ಇಲ್ಲ ಎಂದು ಬರೆದಿದ್ದಳು. ವಿಷಾದವಿದೆ ಎಂದು ಮುಗಿಸಿದ್ದಳು. ನಾನು ಅದನ್ನು ಮೂರು ಸಲ ಓದಿದೆ. ನಮ್ಮ ಊರು ಸುಳ್ಳು ಹೇಳಿತು, ಅವರ ಪಟ್ಟಿ ಅದನ್ನು ನಿಜವೆಂದು ಬರೆದುಕೊಂಡಿತು. ತಾನೂ ಓಡಿದವಳು, ತಾನೂ ಹೆಣ್ಣು, ಪಟ್ಟಿಯ ಅಂಚಿನಲ್ಲಿ ಪೆನ್ನಿನಿಂದ ಒಂದು ಸಾಲು ಬರೆಯಲು ಅವಳಿಗೆ ಏನಾಗಿತ್ತು ಎಂದು ಬೈದುಕೊಂಡೆ. ಬೈಯುವ ಹಕ್ಕು ನನಗೆಲ್ಲಿತ್ತು? ಆದರೂ ಬೈದೆ.

ಅದೇ ವಾರ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಒಬ್ಬರೇ ಬಂದರು. ಕುಂದಾ ಸಿಹಿಯ ಪೊಟ್ಟಣವನ್ನು ಟೀಪಾಯಿಯ ಮೇಲಿಟ್ಟು, ಸೋಫಾದಲ್ಲಿ ಕೂತರು. ಕೂಗಾಡುವವರಲ್ಲ ಅವರು.

"ಮೇಡಂರ, ನಿಮ್ಮ ಮ್ಯಾಲೆ ನನಗ ಭಾಳ ಗೌರವ ಐತ್ರಿ" ಎಂದರು. "ಆದ್ರ ಮನ್ಯಾಗಿನ ಮಾತು ಬೀದಿಗೆ ಹಾಕಿದ್ರಿ. ಇದು ಊರಿನ ಮರ್ಯಾದಿ ಪ್ರಶ್ನೆ."

"ಆ ಹುಡುಗ್ಯಾರು ಮನ್ಯಾವರಲ್ಲೇನ್ರಿ?" ಎಂದೆ. "ಹನ್ನೊಂದು ವರ್ಷ ಮಂದಿ ಮನಿ ಬಾಗಲಾ ತಟ್ಟಿ ನಿಂತಾರ. ಆವಾಗ ಊರಿನ ಮರ್ಯಾದಿ ಎಲ್ಲಿತ್ರಿ?"

"ಆಟ ಬಂದ್ರ ಎಲ್ಲಾ ಆಗ್ತದ್ರಿ. ನೀರೂ ಬರ್ತದ, ಲೈಟೂ ಬರ್ತದ. ಸ್ವಲ್ಪ ಸಮಾಧಾನ ಬೇಕು."

"ಒಂದು ನಳಕ್ಕ ನೀರು ಬಿಡಾಕ ಏಷ್ಯಾ ಯಾಕ ಬರಬೇಕ್ರಿ?"

ಅವರು ಸೋಫಾದಿಂದ ಎದ್ದರು. ಕೆಟ್ಟ ಮನುಷ್ಯರೇನಲ್ಲ ಅವರು, ಮಂದಿಯ ಮದುವೆ ಮುಂಜಿಗೆ ಸಹಾಯ ಮಾಡುತ್ತಾರೆ, ಸಾಲಿಗಳಿಗೆ ಬೆಂಚು ಕೊಟ್ಟಿದ್ದಾರೆ. ಅದೇ ನನ್ನನ್ನು ಕೆರಳಿಸುತ್ತದೆ. ಅವರ ಕಣ್ಣಿಗೆ ಬೇಕಾದದ್ದು ಹೊರಗಿನವರು ನೋಡುವ ಊರು ಮಾತ್ರ. ಒಳಗಿದ್ದವರು ನೋಡುವ ಊರು ಅವರಿಗೆ ಕಾಣುವುದೇ ಇಲ್ಲ, ಕಾಣಿಸಿದರೂ ಅದಕ್ಕೆ ಹಸಿರು ಬಟ್ಟೆ ಕಟ್ಟುತ್ತಾರೆ. ಹೋಗುವಾಗ ಬಾಗಿಲಲ್ಲಿ ನಿಂತು, ಸಮಿತಿಯಲ್ಲಿ ನಿಮ್ಮ ಹೆಸರು ಇನ್ನು ಇರುವುದಿಲ್ಲ, ತಪ್ಪು ತಿಳಿಯಬೇಡಿ ಎಂದರು. ತಿಳಿಯುವುದಿಲ್ಲ ಎಂದೆ. ಕುಂದಾವನ್ನು ಅವರ ಡ್ರೈವರಿನ ಕೈಗೆ ಕೊಟ್ಟು ಕಳಿಸಿದೆ.

ಎರಡು ತಿಂಗಳ ಮೇಲೆ ಮತ ಬಿತ್ತು. ಬೇರೆ ದೇಶದ ಬೇರೆ ಊರಿಗೆ ಆಟ ಹೋಯಿತು. ಹುಬ್ಬಳ್ಳಿಗೆ ಯಾಕೆ ಸಿಗಲಿಲ್ಲ ಎಂಬ ಕಾರಣ ಪತ್ರಿಕೆಯಲ್ಲಿ ಸಣ್ಣದಾಗಿ ಬಂದಿತ್ತು: ಹೋಟೆಲು ಕೋಣೆಗಳು ಸಾಲವು. ಅಷ್ಟೇ. ನನ್ನ ಸುಳ್ಳಿನಿಂದ ಗೆಲ್ಲಲಿಲ್ಲ, ನನ್ನ ನಿಜದಿಂದ ಸೋಲಲೂ ಇಲ್ಲ. ಯಾರ ಲೆಕ್ಕದಲ್ಲೂ ಆ ಹುಡುಗಿ ಇರಲೇ ಇಲ್ಲ. ಆ ದಿನ ನನಗೆ ಬಂದಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ತರಗತಿಯಲ್ಲಿ ಪಾಠ ಮಾಡಲಾಗದೆ ಹುಡುಗರಿಗೆ ಏನೋ ಬರೆಯಲು ಹೇಳಿ ಕಿಟಕಿಯ ಕಡೆ ಮುಖ ಮಾಡಿ ನಿಂತೆ.

ಆಟ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಗೇಟಿನ ಬೀಗ ಯಾರೋ ತೆಗೆದಿದ್ದರು; ನಾವು ಮತ್ತೆ ಒಳಗೆ ಓಡತೊಡಗಿದ್ದೆವು. ಒಂದು ಶನಿವಾರ ಮುಂಜಾನೆ ಗುತ್ತಿಗೆದಾರನ ಟೆಂಪೋ ಬಂತು. ನಳ, ಬೇಸಿನ್ನು, ಕನ್ನಡಿ, ಬಾಗಿಲು ಎಲ್ಲವೂ ಬಾಡಿಗೆಗೆ ತಂದದ್ದಂತೆ, ಬಿಚ್ಚಿಕೊಂಡು ಹೋಗಲು ಆಳುಗಳು ಬಂದಿದ್ದರು. ಬಾಡಿಗೆಯ ಪಾಯಖಾನೆ. ನಾನು ಏನು ಹೇಳಿದರೂ ಗುತ್ತಿಗೆದಾರನ ಮೇಸ್ತ್ರಿ ಕೇಳಲಿಲ್ಲ. ಮೊದಲ ಬಾಗಿಲು ಬಿಚ್ಚಿ ಟೆಂಪೋಕ್ಕೆ ಏರಿಸಿದರು. ಆಗ ರಸ್ತೆಯಾಚೆ ಗಿರಣಿಯ ಸದ್ದು ನಿಂತಿತು. ಗಿರಣಿ ಅವ್ವ ತಲೆಗೂದಲಿನವರೆಗೂ ಹಿಟ್ಟು ಮೆತ್ತಿಕೊಂಡು ರಸ್ತೆ ದಾಟಿ ಬಂದಳು. ಟೆಂಪೋದ ಮುಂದೆ, ಚಕ್ರಕ್ಕೆ ಕಾಲು ತಾಗುವಷ್ಟು ಹತ್ತಿರ ಕೂತುಬಿಟ್ಟಳು.

"ಸಹಿ ಹಾಕೇನಿ ನಾನು" ಎಂದಳು. "ಪಾಯಖಾನಿ ಬರ್ತದಂತ ಹೇಳಿ ಈ ಅಕ್ಕೋರು ಸಹಿ ತಗೊಂಡಾರ. ನನ್ನ ಸಹಿ ವಾಪಸ್ ಕೊಟ್ಟು ಬಾಗಲಾ ಒಯ್ರಿ."

ನನ್ನ ಮುಖ ನೋಡದೆ ಹೇಳಿದಳು. ಹುಡುಗಿಯರು ಮನೆಗೆ ಓಡಿ ತಾಯಂದಿರನ್ನು ಕರೆತಂದರು. ಕೆಲವರು ಕೆಲಸಕ್ಕೆ ಹೊರಟವರು ಟಿಫಿನ್ ಡಬ್ಬಿಯ ಸಮೇತ ಬಂದು ಅವಳ ಪಕ್ಕದಲ್ಲಿ ಕೂತರು. ನಾನೂ ಕೂತೆ. ಮೇಸ್ತ್ರಿ ಯಾರಿಗೋ ಫೋನು ಮಾಡಿದ, ಮತ್ತೆ ಮಾಡಿದ. ಬಿಸಿಲು ಏರಿತು. ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲನ್ನು ಕೆಳಗಿಳಿಸಿ, ಕನ್ನಡಿಗಳನ್ನಷ್ಟೇ ಒಯ್ದರು. ಅವು ಬೇಡವೇ ಬೇಡ ಎಂದು ತಾಯಂದಿರೇ ಹೇಳಿದ್ದರು.

ನೀರು ಇವತ್ತಿಗೂ ಊರಿನ ಪೈಪಿನಿಂದ ಬಂದಿಲ್ಲ. ಗಿರಣಿ ಅವ್ವನ ಬೋರಿನಿಂದ ಒಂದು ಪೈಪನ್ನು ರಸ್ತೆಯ ಕೆಳಗಿನ ಮೋರಿಯ ಮೂಲಕ ಎಳೆದಿದ್ದೇವೆ. ವೆಲ್ಡಿಂಗ್ ಅಂಗಡಿಯವರು ಒಂದು ಭಾನುವಾರ ಕೂತು ಜೋಡಿಸಿಕೊಟ್ಟರು. ಬೀಗದ ಕೈ ಹುಡುಗಿಯರ ಹತ್ತಿರವೇ ಇರುತ್ತದೆ. ಈಗ ಹತ್ತೊಂಬತ್ತು ಮಂದಿ ಬರುತ್ತಾರೆ, ತಿಂಗಳು ಪೂರ್ತಿ ಬರುತ್ತಾರೆ. ಗಿರಣಿ ಅವ್ವ ನನ್ನ ಜೊತೆ ಮೊದಲಿನಂತೆ ಮಾತಾಡಲು ಒಂದು ಮಳೆಗಾಲ ಹಿಡಿಯಿತು. ಸಮಿತಿ ಸುಮ್ಮನೆ ಕೂತಿಲ್ಲ. ಬೇರೊಂದು ಕ್ರೀಡಾಕೂಟಕ್ಕೆ ಅರ್ಜಿ ಹಾಕುವ ಮಾತು ನಡೆದಿದೆ ಎಂದು ಕೇಳಿದೆ. ದುಭಾಷಿಯಾಗಿ ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿಯನ್ನು ಕರೆದಿದ್ದಾರಂತೆ. ಅವಳು ನನಗೆ ಫೋನು ಮಾಡಿ ಹೋಗಲೋ ಬೇಡವೋ ಎಂದು ಕೇಳಿದಳು. ಹೋಗು, ಆದರೆ ಯಾರು ಏನು ಹೇಳುತ್ತಾರೋ ಅದನ್ನೇ ಹೇಳು, ಒಂದು ಶಬ್ದವನ್ನೂ ಬಿಡಬೇಡ, ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಬೇಡ ಎಂದೆ. ನನ್ನ ದನಿ ಏರಿದ್ದು ನನಗೇ ಕೇಳಿಸಿತು. ಅವಳು ಹೆದರಿ, ಆಯ್ತ್ರಿ ಮೇಡಂ, ಆಯ್ತ್ರಿ ಎಂದಳು.

ಹೋದ ತಿಂಗಳು ಧಾರವಾಡದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆಯಿತ್ತು. ನನ್ನ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ನಾನೂರು ಮೀಟರ್ ಓಟಕ್ಕೆ ಹೆಸರು ಕೂಗುವ ಮೊದಲು, ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು. ಅವಳೇ. ಎತ್ತರವಾಗಿದ್ದಳು, ಭುಜ ಗಟ್ಟಿಯಾಗಿದ್ದವು, ಬೇರೆ ಗುಂಪಿನ ಹಳದಿ ಬನಿಯನ್ ಹಾಕಿದ್ದಳು. ಎದೆಯ ಮೇಲಿನ ಸಂಖ್ಯೆಯ ಚೀಟಿಯ ಒಂದು ಮೂಲೆ ಕಿತ್ತು ಜೋತಾಡುತ್ತಿತ್ತು.

"ಪಿನ್ ಐತೇನ್ರಿ?" ಎಂದು ಕೇಳಿದಳು.

ಅಕ್ಕೋರ ಅನ್ನಲಿಲ್ಲ. ನಾನು ಪರ್ಸಿನಲ್ಲಿ ಹುಡುಕಿದೆ, ಸಿಗಲಿಲ್ಲ. ಸೀರೆಯ ಹೆಗಲಿಗೆ ಚುಚ್ಚಿದ್ದ ಪಿನ್ನನ್ನೇ ಬಿಚ್ಚಿ ಕೊಟ್ಟೆ. ತಾನೇ ಚುಚ್ಚಿಕೊಂಡಳು. ಕಾಲು ಹೇಗಿದೆ, ಅಭ್ಯಾಸ ಹೇಗೆ ನಡೆದಿದೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹೆಸರು ಕೂಗಿದರು, ಅವಳು ಹೊರಟಳು. ಎರಡನೆಯವಳಾಗಿ ಬಂದಳು. ಕೊನೆಯ ತಿರುವಿನಲ್ಲಿ ಅವಳ ಹೆಗಲು ಮೇಲೇರಿದವು, ಮುಖ ಬಿಗಿದಿತ್ತು. ಸಿಮೆಂಟಿನ ಮೇಲೆ ಓಡಿದ ಆ ಆರು ವಾರದಿಂದ ಬಂದದ್ದೋ, ಇನ್ನಾವುದರಿಂದ ಬಂದದ್ದೋ ನನಗೆ ಗೊತ್ತಿಲ್ಲ. ಅದನ್ನು ತಿದ್ದಬಹುದು, ಹೇಗೆ ತಿದ್ದಬೇಕೆಂದೂ ನನಗೆ ಗೊತ್ತು. ಆದರೆ ಅವಳು ಈಗ ಬೇರೆಯವರ ಹುಡುಗಿ. ಸೆರಗು ಜಾರದಂತೆ ಕೈಯಲ್ಲಿ ಹಿಡಿದುಕೊಂಡು, ಹಲ್ಲು ಕಚ್ಚಿ, ನನ್ನ ಗುಂಪಿನ ಹುಡುಗಿಯರ ಓಟ ನೋಡಲು ನಿಂತೆ.